ಗುಳ್ಳೆ ಎಣಿಸುವ ಕೆಲಸ

ಮೊಮ್ಮಗನ ದುಡಿಮೆಯನ್ನು ಅಜ್ಜಿ ಅವನ ಟವಲಿನಿಂದ ಅಳೆಯುತ್ತಿದ್ದಳು. ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವುದೇ ತಡ, ಬ್ಯಾಗಿನ ಜಿಪ್ಪು ಎಳೆದು, ಟವಲನ್ನು ಹೊರತೆಗೆದು, ಬಟ್ಟೆಯಂಗಡಿಗೆ ಹೋದವರ ಹಾಗೆ ಎರಡು ಬೆರಳ ನಡುವೆ ಉಜ್ಜಿ ನೋಡುವಳು. ಒದ್ದೆಯಿದ್ದರೆ ಒಂದು "ಹೂಂ" ಸಿಗುತ್ತಿತ್ತು. ಒಣಗಿದ್ದರೆ ಊಟದ ತಟ್ಟೆ ತೊಳೆದಿಡುವವರೆಗೂ ಮಂಗಳಾರತಿ.

"ಇವತ್ತೂ ಒಣಗೇ ಇದೆಯಲ್ಲೋ! ದಿನವೆಲ್ಲ ಆ ಎತ್ತರದ ಕುರ್ಚಿ ಮೇಲೆ ಕಾಲು ಇಳಿಬಿಟ್ಟು ಕೂತು ಬಂದಿದ್ದೀಯ. ಬನೀನಿನ ಮೇಲೆ ಬೇರೆ ಇಷ್ಟು ದಪ್ಪಕ್ಕೆ ಲೈಫ್‌ಗಾರ್ಡ್ ಅಂತ ಬರೆಸ್ಕೊಂಡಿದ್ದೀಯ. ಯಾರನ್ನ ಕಾಪಾಡಿದೆ?"

"ಯಾರೂ ಮುಳುಗಲಿಲ್ಲ ಅಜ್ಜಿ."

"ಅದರಲ್ಲಿ ನಿಂದೇನು ಬಂತು? ಅವರಾಗೇ ಮುಳುಗಲಿಲ್ಲ."

ಒಳಗೊಳಗೆ ಅವನದೂ ಅದೇ ಅನುಮಾನ.

ವಯಸ್ಸು ಇಪ್ಪತ್ನಾಲ್ಕು. ಇದಕ್ಕೆ ಮುಂಚೆ ಎರಡು ಕೆಲಸ ಬಿಟ್ಟಿದ್ದ. ಸರಿಯಾಗಿ ಹೇಳಬೇಕೆಂದರೆ ಎರಡು ಕೆಲಸಗಳು ಅವನನ್ನು ಬಿಟ್ಟಿದ್ದವು. ಕೊರಿಯರ್ ಕಂಪನಿಯಲ್ಲಿದ್ದಾಗ ಎಲ್ಲರಿಗಿಂತ ಬೇಗ ಪೊಟ್ಟಣ ತಲುಪಿಸುತ್ತಿದ್ದ, ಪಕ್ಕದ ಮನೆಗೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾಗ ಗಿರಾಕಿ ಬಾಯಿ ತೆರೆಯುವ ಮೊದಲೇ ಫೋನು ಬಿಚ್ಚಿರುತ್ತಿದ್ದ. ಅವರು ಬಂದದ್ದು ಕವರ್ ಕೊಳ್ಳಲು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅಜ್ಜಿ ಮನೆಯಲ್ಲಿ ದಿನಕ್ಕೊಮ್ಮೆ ಬಳಸುತ್ತಿದ್ದಳು, ಉಪ್ಪಿನ ಹಾಗೆ.

ಆದರೆ ಈಜು ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಈಜುಕೊಳದವರ ಪರೀಕ್ಷೆಯಲ್ಲಿ ನಾನೂರು ಮೀಟರ್ ಈಜಿ, ತಳದಲ್ಲಿ ಹಾಕಿದ್ದ ರಬ್ಬರಿನ ಇಟ್ಟಿಗೆಯನ್ನು ಎತ್ತಿ ತಂದು ಕೆಲಸ ಗಿಟ್ಟಿಸಿದ್ದ. ಅಲ್ಲಿಂದ ಮೂರು ವರ್ಷದಲ್ಲಿ ನೀರಿನಿಂದ ಅವನು ಕಾಪಾಡಿದ್ದು ಇಷ್ಟು: ನಾಲ್ಕು ಕನ್ನಡಕ, ಒಂದು ಕಟ್ಟುಹಲ್ಲಿನ ಸೆಟ್ಟು, ಮತ್ತು ಸೊಂಟದಷ್ಟು ನೀರಿನಲ್ಲಿ ನಿಂತು ಅಳುತ್ತಿದ್ದ ಒಂದು ಮಗು. ಅದು ಮುಳುಗುತ್ತಿರಲಿಲ್ಲ, ಅದಕ್ಕೆ ಐಸ್‌ಕ್ರೀಮ್ ಬೇಕಿತ್ತು.

ನೀರಿಗೆ ಹಾರುವುದೆಂದರೆ ಅವನಿಗೆ ಪ್ರಾಣ. ಕುರ್ಚಿಯ ಮೇಲೆ ಕೂತಾಗಲೆಲ್ಲ ಮನಸ್ಸಿನೊಳಗೆ ಒಂದು ಸಿನಿಮಾ ಓಡುತ್ತಿತ್ತು: ಯಾರೋ ಕೂಗುತ್ತಾರೆ, ಇವನು ಗಾಳಿಯಲ್ಲಿ ಬಿಲ್ಲಿನಂತೆ ಬಾಗಿ ಹಾರುತ್ತಾನೆ, ಎತ್ತಿ ತರುತ್ತಾನೆ, ಚಪ್ಪಾಳೆ. ಸಿನಿಮಾದ ಕೊನೆಯಲ್ಲಿ ಅಜ್ಜಿ ಟವಲು ಹಿಂಡುತ್ತಾಳೆ, ಬಕೆಟ್ ತುಂಬುತ್ತದೆ.

ಇಡೀ ಈಜುಕೊಳದಲ್ಲಿ ಈ ಸಿನಿಮಾ ನೋಡಿ ನಗುತ್ತಿದ್ದವನು ಒಬ್ಬನೇ, ಹಿರಿಯ ಗಾರ್ಡ್. ಯಾರಿಗೂ ನೆಂಟನಲ್ಲದ ಅವನನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಇಪ್ಪತ್ತೇಳು ವರ್ಷ ಅದೇ ಕುರ್ಚಿಯಲ್ಲಿ ಕೂತು ಮಂಡಿ ಸವೆಸಿಕೊಂಡವನು.

"ಒಳ್ಳೆ ಗಾರ್ಡ್ ಒಣಗಿದ ಚಡ್ಡೀಲೇ ಮನೆಗೆ ಹೋಗ್ತಾನೆ ಕಣೋ" ಎನ್ನುವುದು ಮಾವನ ಮಾತು.

ವಯಸ್ಸಾದವರು ಸೋಮಾರಿತನಕ್ಕೂ ಒಂದು ಸಿದ್ಧಾಂತ ಮಾಡಿಕೊಳ್ಳುತ್ತಾರೆ ಎಂದುಕೊಂಡು ಇವನು ಸುಮ್ಮನಾಗುತ್ತಿದ್ದ.

ಹೀಗಿರುವಾಗ ಸ್ಕೂಬಾ ಕ್ಲಬ್ಬಿನವರು ಆಳದ ಕೊಳವನ್ನು ಐದು ಭಾನುವಾರದ ಬೆಳಿಗ್ಗೆ ಬಾಡಿಗೆಗೆ ಹಿಡಿದರು. ಗಾಳಿ ತುಂಬಿದರೆ ತೇಲಿಸುವ ಜಾಕೆಟ್ಟು ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿಕೊಂಡು ನೀರಿನಡಿ ಉಸಿರಾಡುವುದನ್ನು ಕಲಿಸುವ ತರಗತಿ. ಸಮುದ್ರಕ್ಕೆ ಇಳಿಸುವ ಮುಂಚೆ ಕೊಳದಲ್ಲಿ ಪಳಗಿಸುತ್ತಾರೆ. ಒಪ್ಪಂದದ ಪ್ರಕಾರ ನೀರಿನೊಳಗೆ ಅವರ ತರಬೇತುದಾರರು, ನೀರಿನ ಹೊರಗೆ ಕೊಳದ ಒಬ್ಬ ಗಾರ್ಡ್. ಮಾವನ ಮಂಡಿ ಒಪ್ಪಲಿಲ್ಲ. ಮ್ಯಾನೇಜರ್ ಇವನನ್ನು ಕರೆದರು.

"ಐದು ವಾರ ನೋಡ್ಕೋ. ಕೊನೆಯಲ್ಲಿ ಆ ಕೋಚ್ ಮೇಡಂ ಈ ಫಾರ್ಮಿನಲ್ಲಿ ಎರಡು ಸಾಲು ಬರೆದು ಸಹಿ ಹಾಕ್ತಾರೆ. ಒಳ್ಳೇದು ಬರೆದ್ರೆ ಆಳದ ಕೊಳಕ್ಕೆ ನೀನೇ ಖಾಯಂ. ಇಲ್ಲಾಂದ್ರೆ ಮಕ್ಕಳ ಕೊಳ."

ಮಕ್ಕಳ ಕೊಳವೆಂದರೆ ಮೊಣಕಾಲಿನ ಕೆಳಗೆ ನಿಲ್ಲುವ ನೀರು. ಅಲ್ಲಿ ಮುಳುಗಬೇಕೆಂದರೆ ಮೊದಲು ಮಲಗಬೇಕು. ಸುತ್ತ ಬಾತುಕೋಳಿಯ ಟ್ಯೂಬುಗಳು, ಅಳು, ಬಿಸ್ಕತ್ತಿನ ಪುಡಿ. ಅಲ್ಲಿ ಎರಡು ವರ್ಷ ಕಳೆದಿದ್ದ ಇವನಿಗೆ ಬಾತುಕೋಳಿಯ ಚಿತ್ರ ಕಂಡರೂ ತಲೆನೋವು ಬರುತ್ತಿತ್ತು. ಮ್ಯಾನೇಜರ್ ಮಾತು ಮುಗಿಸುವ ಮೊದಲೇ "ಹೂಂ ಸಾರ್" ಎಂದ.

ಕಲಿಯಲು ಬಂದವರು ಐದು ಜನ. ಒಬ್ಬರು ಹಲ್ಲಿನ ಡಾಕ್ಟರಮ್ಮ. ಐವತ್ತರ ಹತ್ತಿರ, ನಾಲಿಗೆ ಅವರ ಕೈಯ ಇಕ್ಕಳಕ್ಕಿಂತ ಚೂಪು. ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು. ಕಣ್ಣು ಮೂಗು ಮುಚ್ಚುವ ನೀರಿನ ಮಾಸ್ಕಿನೊಳಗೂ ಮೀಸೆ ತೀಡಲು ಯತ್ನಿಸುವವರು. ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಇಬ್ಬರನ್ನೂ ಒಂದೇ ಸಿಲಿಂಡರಿಗೆ ಕಟ್ಟಿದ್ದರೂ ಬೇಡವೆನ್ನುತ್ತಿರಲಿಲ್ಲ. ಐದನೆಯವನು ಜಿಮ್ ಮಾಸ್ಟರ್. ತೋಳು ಕಂಬದಂತೆ, ಎದೆ ಬಾಗಿಲಿನಂತೆ. ಎಲ್ಲರಿಗಿಂತ ಚೆನ್ನಾಗಿ ಈಜುವವನೂ ಅವನೇ. ಕಲಿಸುವ ಕೋಚ್ ಮೇಡಂ ಗಿಡ್ಡನೆಯ ಹೆಂಗಸು, ಕಡಿಮೆ ಮಾತು. ನೀರಿನಡಿ ಕೈಸನ್ನೆಯಲ್ಲೇ ಅರ್ಧ ಆಯುಷ್ಯ ಕಳೆದು ನೆಲದ ಮೇಲೂ ಅದೇ ಅಭ್ಯಾಸವಾಗಿತ್ತು.

ಮೊದಲ ಭಾನುವಾರ ಎಲ್ಲರೂ ಎದೆಮಟ್ಟದ ನೀರಲ್ಲೇ ಇದ್ದರು. ಎರಡನೆಯ ಭಾನುವಾರ ನಾಲ್ಕು ಮೀಟರ್ ಆಳಕ್ಕೆ ಇಳಿದರು. ಎಡವಟ್ಟಾದದ್ದು ಆಗ.

ಮೂರು ವರ್ಷ ಅವನ ತಲೆಗೆ ತುಂಬಿದ್ದು ಒಂದೇ ಪಾಠ: ತಳದಲ್ಲಿ ಯಾರಾದರೂ ಅಲುಗಾಡದೆ ಬಿದ್ದಿದ್ದರೆ ಯೋಚಿಸಬೇಡ, ಹಾರು. ಸ್ಕೂಬಾದವರ ಪಾಠ ತದ್ವಿರುದ್ಧ. ತಳದಲ್ಲಿ ಬೋರಲಾಗಿ ಮಲಗಿ, ಕಾಲಿನ ತುದಿ ಮಾತ್ರ ನೆಲಕ್ಕೆ ತಾಗಿಸಿ, ಕೈಕಾಲು ಆಡಿಸದೆ ಬರೀ ಉಸಿರಿನ ಬಲದಿಂದ ಮೇಲೇಳುವುದು, ಕೆಳಗಿಳಿಯುವುದು. ಹೆಚ್ಚು ಅಲುಗದವನೇ ಹೆಚ್ಚು ಜಾಣ. ಅಂದು ಆ ಅಭ್ಯಾಸವಿದೆ ಎಂದು ಕೋಚ್ ಮೇಡಂ ಹೇಳಿದ್ದರು. ಇವನು ತಲೆಯಾಡಿಸಿದ್ದ. ಕೇಳಿಸಿಕೊಂಡಿದ್ದನೇ ಎಂಬುದು ಬೇರೆ ಪ್ರಶ್ನೆ.

ಕುರ್ಚಿಯಿಂದ ನೋಡಿದರೆ ಡಾಕ್ಟರಮ್ಮ ತಳದಲ್ಲಿ ಬೋರಲು. ಕೈ ಅಲುಗುತ್ತಿಲ್ಲ. ಕಾಲು ಅಲುಗುತ್ತಿಲ್ಲ. ಮೇಲೆ ಕಿಟಕಿಯ ಬಿಸಿಲು ನೀರಿಗೆ ಬಿದ್ದು ಫಳಫಳ. ಇವನ ಎದೆಯೊಳಗೆ ಸಿನಿಮಾದ ಸಂಗೀತ ಶುರುವಾಯಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು; ಹಾರಿಯೇಬಿಟ್ಟ. ಹಾರಿದ್ದು ಮಾತ್ರ ಅದ್ಭುತವಾಗಿತ್ತು, ಬಿಲ್ಲಿನಂತೆಯೇ. ತಳಕ್ಕೆ ಹೋಗಿ, ಸಿಲಿಂಡರಿನ ಪಟ್ಟಿಗೆ ಕೈಹಾಕಿ, ಡಾಕ್ಟರಮ್ಮನನ್ನು ಬುಡಸಮೇತ ಮೇಲಕ್ಕೆ ಸೆಳೆದ.

ನೀರಿನ ಮೇಲೆ ಬಂದ ಡಾಕ್ಟರಮ್ಮ ಕೊಳವೆಯನ್ನು ಉಗಿದರು.

"ಯಾರಯ್ಯಾ ನೀನು! ಹಲ್ಲು ಕೀಳೋದು ನನ್ನ ಕೆಲಸ. ನಾನೂ ಕೀಳ್ತೀನಿ. ಆದ್ರೆ ಕೀಳೋ ಮುಂಚೆ ಒಂದು ಮಾತು ಹೇಳ್ತೀನಿ!"

"ಮೇಡಂ, ನೀವು... ಅಲುಗ್ತಿರಲಿಲ್ಲ..."

"ಅಲುಗದೆ ಇರೋದಕ್ಕೇ ಇಪ್ಪತ್ತು ನಿಮಿಷದಿಂದ ಸಾಯ್ತಿದ್ದೆ! ಈಗ ತಾನೇ ಬಂದಿತ್ತು!"

ಜಿಮ್ ಮಾಸ್ಟರ್ ನಗುತ್ತಾ ಕೊಳದ ಗೋಡೆ ಬಡಿದ. ಪೋಸ್ಟ್‌ಮಾಸ್ಟರ್ ಮೀಸೆ ತೀಡುತ್ತಾ, "ಮೇಲಿಂದ ಮಿಂಚುಳ್ಳಿ ಬಂದ ಹಾಗೆ ಬಂತಲ್ರೀ! ಮೀನು ಸಿಕ್ತಾ ತಮ್ಮಾ?" ಎಂದರು. ಅಷ್ಟೇ. ಆ ಕ್ಷಣದಿಂದ ಅವನ ಹೆಸರು ಮಿಂಚುಳ್ಳಿ. ಟಿಕೆಟ್ ಕೊಡುವವನಿಂದ ಹಿಡಿದು ಕ್ಲೋರಿನ್ ತರುವ ವ್ಯಾನಿನವನವರೆಗೆ ವಾರದೊಳಗೆ ಎಲ್ಲರಿಗೂ ಅದೇ ಬಾಯಿಪಾಠ.

ಕೋಚ್ ಮೇಡಂ ಮಾತ್ರ ನಗಲಿಲ್ಲ. ಅವನನ್ನು ಶವರಿನ ಪಕ್ಕಕ್ಕೆ ಕರೆದರು.

"ಕೆಳಗೆ ಸಿಲಿಂಡರಿನಿಂದ ಎಳ್ಕೊಂಡ ಗಾಳಿ, ಮೇಲೆ ಬರ್ತಾ ಬರ್ತಾ ಹಿಗ್ಗುತ್ತೆ. ಉಸಿರು ಬಿಗಿ ಹಿಡಿದವರನ್ನ ಹಾಗೆ ಎಳೆದ್ರೆ ಶ್ವಾಸಕೋಶವೇ ಹರಿದುಹೋಗಬಹುದು. ನಾಲ್ಕು ಮೀಟರ್ ಸಾಕು. ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅವನ ಬಾಯಿ ಒಣಗಿತು. ಇಡೀ ಮೈಯಲ್ಲಿ ಒಣಗಿದ್ದು ಅದೊಂದೇ.

"ಡಾಕ್ಟರಮ್ಮಂಗೆ ಏನೂ ಆಗಲಿಲ್ಲ, ಯಾಕೆ ಹೇಳು?"

"...ಯಾಕೆ ಮೇಡಂ?"

"ದಾರಿಯುದ್ದಕ್ಕೂ ನಿನ್ನ ಬೈತಾ ಬಂದ್ರು. ಉಸಿರೆಲ್ಲ ಹೊರಗೆ ಹೋಯ್ತು. ನೀನು ಅವರನ್ನ ಕಾಪಾಡಲಿಲ್ಲಪ್ಪಾ. ಅವರ ಬೈಗುಳ ಇಬ್ಬರನ್ನೂ ಕಾಪಾಡ್ತು." ತಲೆಯ ನೀರು ಒರೆಸಿಕೊಳ್ಳುತ್ತಾ ಅಂದರು, "ಫಾರ್ಮಿನಲ್ಲಿ ಇವತ್ತೇ ಬರೀಬಹುದಿತ್ತು. ಬರೆಯಲ್ಲ. ಕೊನೇ ಭಾನುವಾರ ಬರೀತೀನಿ. ಇನ್ನು ಮೂರು ವಾರ ಇದೆ."

ಆ ಸಂಜೆ ಟವಲು ತೊಟ್ಟಿಕ್ಕುತ್ತಿತ್ತು. ಅಜ್ಜಿ ಮೊದಲ ಬಾರಿಗೆ ತಾನಾಗಿ ಒಂದು ಲೋಟ ಹೆಚ್ಚಿಗೆ ಟೀ ಕೊಟ್ಟಳು. ಅವನು ಅದನ್ನು ಹಾಗೇ ಆರಲು ಬಿಟ್ಟ.

ಮರುದಿನ ಬೆಳಿಗ್ಗೆ ಮಾವನ ಪಕ್ಕ ಹೋಗಿ ಕೂತ. ಮಾವ ಕೊಳದಿಂದ ಕಣ್ಣು ತೆಗೆಯದೆ ಕೇಳಿದ, "ಏನಪ್ಪಾ ಮಿಂಚುಳ್ಳಿ, ರೆಕ್ಕೆ ಒಣಗ್ತಾ?"

"ನೀನೂ ಶುರು ಮಾಡ್ಬೇಡ ಮಾವ. ಮಕ್ಕಳ ಕೊಳ ಕಣ್ಮುಂದೆ ಬರ್ತಿದೆ. ಏನಾದ್ರೂ ಹೇಳಿಕೊಡು."

"ನಿನ್ನ ತೊಂದರೆ ಏನು ಗೊತ್ತಾ? ನೀನು ನೀರು ನೋಡ್ತಿಲ್ಲ. ಹಾರೋಕೆ ನೆಪ ನೋಡ್ತಿದ್ದೀಯ."

ಮಾತು ಈಟಿಯಂತೆ ನಾಟಿತು. ನಿಜವಾದ್ದರಿಂದ ಕೀಳಲೂ ಬರಲಿಲ್ಲ.

"ಪುಸ್ತಕದಲ್ಲಿ ಏನಿದೆ? ಮೊದಲು ಕೈ ಚಾಚು. ಎಟುಕದಿದ್ರೆ ಕೋಲು ಚಾಚು. ಅದೂ ಎಟುಕದಿದ್ರೆ ಟ್ಯೂಬ್ ಎಸೆ. ಯಾವುದೂ ಆಗದಿದ್ರೆ ಹಾರು. ನೀನು ಪುಸ್ತಕಾನ ಕೊನೇ ಪುಟದಿಂದ ಓದಿದ್ದೀಯ. ಕೋಲು ಎಲ್ಲಿದೆ ಹೇಳು ನೋಡೋಣ?"

ಕೋಲು ಎಲ್ಲಿತ್ತೆಂದು ಅವನಿಗೆ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ತುದಿಯಲ್ಲಿ ಅಗಲವಾದ ಬಳೆಯಂಥ ಕೊಕ್ಕೆಯಿರುವ ಐದು ಮೀಟರ್ ಉದ್ದದ ಆ ಕೋಲನ್ನು ಕ್ಲೋರಿನ್ ಕೋಣೆಯಲ್ಲಿ ಅಡ್ಡಕ್ಕೆ ಕಟ್ಟಿ, ನೆಲ ಒರೆಸುವ ಬಟ್ಟೆ ಒಣಹಾಕಲು ಬಳಸುತ್ತಿದ್ದರು. ಕಟ್ಟಿದವನು ಅವನೇ. ಹೋಗಿ, ಬಟ್ಟೆ ಕಿತ್ತುಹಾಕಿ, ಉಜ್ಜಿ ತೊಳೆದು, ಕುರ್ಚಿಯ ಪಕ್ಕದ ಗೂಟಕ್ಕೆ ನೇತುಹಾಕಿದ.

"ಇನ್ನೊಂದು" ಎಂದ ಮಾವ. "ಸಾದಾ ಈಜಿನಲ್ಲಿ ತಲೆ ಎಣಿಸ್ತೀವಿ. ಸ್ಕೂಬಾದಲ್ಲಿ ಗುಳ್ಳೆ ಎಣಿಸ್ಬೇಕು. ಅಲುಗ್ತಾರೋ ಇಲ್ಲವೋ ನೋಡ್ಬೇಡ, ಗುಳ್ಳೆ ಬರ್ತಿದೆಯಾ ನೋಡು. ಗುಳ್ಳೆ ಬರ್ತಿರೋವರೆಗೂ ಅವರ ಪಾಡಿಗೆ ಅವರಿರ್ಲಿ. ಕೆಳಗೆ ಎಷ್ಟು ಗುಳ್ಳೆ, ಮೇಲೆ ಎಷ್ಟು ತಲೆ, ಎರಡೂ ಕೂಡಿಸು. ಲೆಕ್ಕ ಸರಿಬಂದ್ರೆ ಮತ್ತೆ ಮೊದಲಿಂದ ಎಣಿಸು."

"ಅಷ್ಟೇನಾ?"

"ಅಷ್ಟೇ. ಇಪ್ಪತ್ತೇಳು ವರ್ಷ."

ಮೂರನೆಯ ಭಾನುವಾರ ಅವನು ಕುರ್ಚಿಯ ಹಿಡಿಗೆ ತನ್ನ ಸೀಟಿಯ ದಾರವನ್ನು ಸುತ್ತಿ, ಇನ್ನೊಂದು ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡ. ಹಾರಬೇಕೆನಿಸಿದರೆ ಮೊದಲು ದಾರ ಬಿಚ್ಚಬೇಕು. ಬಿಚ್ಚುವಷ್ಟರಲ್ಲಿ ಬುದ್ಧಿ ಬರಲಿ ಎಂಬ ಏರ್ಪಾಡು. ಮಾವ ಅದನ್ನು ನೋಡಿ, "ಹಸುವಿಗೆ ಹಗ್ಗ ಕಟ್ಟೋದು ನೋಡಿದ್ದೆ, ಹಸುವೇ ಕಟ್ಕೊಳ್ಳೋದು ಇದೇ ಮೊದಲು" ಎಂದು, ಒಂದು ನಿಮಿಷದಲ್ಲೇ ಅದನ್ನು ಬಿಚ್ಚಿಸಿದ. "ನಿಜವಾಗ್ಲೂ ಹಾರಬೇಕಾಗಿ ಬಂದ್ರೆ ಕುರ್ಚಿ ಸಮೇತ ಹೋಗ್ತೀಯಾ? ಬುದ್ಧೀನ ದಾರದಲ್ಲಿ ಇಡ್ಬೇಡ, ತಲೇಲಿ ಇಡು."

ಎಣಿಸತೊಡಗಿದ. ಮೊದಲ ಅರ್ಧ ಗಂಟೆ ನರಕ. ಆಮೇಲೆ ವಿಚಿತ್ರವೊಂದು ನಡೆಯಿತು: ಗುಳ್ಳೆಗಳು ಒಂದೊಂದೂ ಬೇರೆಯಾಗಿ ಕಾಣತೊಡಗಿದವು. ಪೋಸ್ಟ್‌ಮಾಸ್ಟರರ ಗುಳ್ಳೆ ಹದ ತಪ್ಪುತ್ತಿರಲಿಲ್ಲ, ಕಾಗದದ ಮೇಲೆ ಮುದ್ರೆ ಒತ್ತಿದ ಹಾಗೆ, ಠಪ್, ಬಿಡುವು, ಠಪ್. ಡಾಕ್ಟರಮ್ಮನದು ಸಣ್ಣ ಸಣ್ಣವು, ಒಂದರ ಬೆನ್ನಿಗೊಂದು. ನೀರಿನಡಿಯಲ್ಲೂ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಂತೆ. ಹೊಸ ಜೋಡಿಯದು ಎರಡು ಸಾಲು ಅಕ್ಕಪಕ್ಕ ಏರಿ ಮೇಲೆ ಬರುವಷ್ಟರಲ್ಲಿ ಒಂದಾಗುತ್ತಿತ್ತು. ಆ ಲೆಕ್ಕವೇ ಕಷ್ಟ. ಜಿಮ್ ಮಾಸ್ಟರನದು ತಟ್ಟೆಯಗಲದ ದೊಡ್ಡ ಗುಳ್ಳೆ, ಬಹಳ ಹೊತ್ತಿಗೊಂದು. ಗಾಳಿ ಉಳಿಸುವುದರಲ್ಲೂ ಮೊದಲಿಗನಾಗಬೇಕೆಂಬ ಹಟ. ಕೋಚ್ ಮೇಡಂ ಗುಳ್ಳೆ ಕಂಡೂ ಕಾಣದಂತೆ, ಮಣಿ ಪೋಣಿಸಿದ ಹಾಗೆ. ಆರು ಜನರ ಆರು ಕೈಬರಹ. ನೀರಿನ ಮೇಲೆ ಬರೆಯುತ್ತಿದ್ದರು, ಇವನು ಓದುತ್ತಿದ್ದ. ಇಷ್ಟು ದಿನ ನೀರನ್ನು ತಾನು ಹಾರುವ ಜಾಗವೆಂದಷ್ಟೇ ನೋಡಿದ್ದೆನಲ್ಲ ಎನ್ನಿಸಿ ಅವನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಅಭ್ಯಾಸ ಮನೆಗೂ ಬಂತು. ಒಂದು ಸಂಜೆ ಟೀಗಿಟ್ಟ ನೀರಿನ ಮುಂದೆ ನಿಂತು ಬಿಟ್ಟಿದ್ದ.

"ಪಾತ್ರೆ ಒಳಗೆ ಏನು ಬಿದ್ದಿದೆಯೋ?"

"ಏನಿಲ್ಲ ಅಜ್ಜಿ, ಎಣಿಸ್ತಿದ್ದೆ."

"ಏನನ್ನ?"

"ಗುಳ್ಳೆ. ಅದೇ ಈಗ ನನ್ನ ಕೆಲಸ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬತ್ತಿದ ಪಾತ್ರೆಯನ್ನು ನೋಡಿದಳು. "ನೀರೆಲ್ಲ ಆವಿ ಆಯ್ತು. ಗುಳ್ಳೆ ಎಣಿಸೋಕೆ ಸಂಬಳ ಕೊಡ್ತಾರಂತೆ! ನಾನು ಐವತ್ತು ವರ್ಷ ಒಲೆ ಮುಂದೆ ನಿಂತಿದ್ದೀನಿ, ನಂಗೆ ಯಾರು ಕೊಟ್ರು?"

ನಾಲ್ಕನೆಯ ಭಾನುವಾರವೂ ಒಣಗಿದ ಚಡ್ಡಿಯಲ್ಲೇ ಕಳೆಯಿತು. ಕೋಚ್ ಮೇಡಂ ಹೋಗುವಾಗ ಅವನತ್ತ ನೋಡಿ ಹೆಬ್ಬೆರಳು ತೋರು ಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದರು. ತನ್ನ ಅಂಕ ಸೊನ್ನೆ ಎಂದುಕೊಂಡು ಅವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನೀರಿನವರ ಭಾಷೆಯಲ್ಲಿ ಅದಕ್ಕೆ ಎಲ್ಲ ಸರಿಯಿದೆ ಎಂದು ಅರ್ಥ ಎಂಬುದನ್ನು ಮಂಗಳವಾರ ಮಾವ ಹೇಳಿದ.

ಐದನೆಯ ಭಾನುವಾರ, ಕೊನೆಯ ಪರೀಕ್ಷೆ. ಫಾರ್ಮು ಮ್ಯಾನೇಜರರ ಮೇಜಿನಿಂದ ಹೊರಟು, ಪ್ಲಾಸ್ಟಿಕ್ ಚೀಲದೊಳಗೆ ಕೂತು, ಕೋಚ್ ಮೇಡಂ ಬ್ಯಾಗಿನ ಮೇಲೆ ಎಲ್ಲರಿಗೂ ಕಾಣುವಂತೆ ಬಂದಿತ್ತು. ಗ್ಯಾಲರಿಯಲ್ಲಿ ಡಾಕ್ಟರಮ್ಮನ ಮಗಳು, ಪೋಸ್ಟ್‌ಮಾಸ್ಟರರ ಹೆಂಡತಿ, ಜಿಮ್ಮಿನ ನಾಲ್ಕಾರು ಹುಡುಗರು, ಮಂಡಿಗೆ ಪಟ್ಟಿ ಕಟ್ಟಿಕೊಂಡ ಮಾವ.

ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳುವುದು, ಗಾಳಿ ಖಾಲಿಯಾದ ಜೊತೆಗಾರನಿಗೆ ತನ್ನ ಎರಡನೆಯ ಕೊಳವೆ ಕೊಡುವುದು, ಎಲ್ಲ ನಾಲ್ಕು ಮೀಟರ್ ಅಡಿಯಲ್ಲಿ. ಎಲ್ಲರ ಭಯ ಡಾಕ್ಟರಮ್ಮನ ಮೇಲೆ. ಮಾಸ್ಕ್ ತೆಗೆದರೆ ಮೂಗಿಗೆ ನೀರು ನುಗ್ಗಿ ಎರಡು ವಾರ ಅವರು ಒದ್ದಾಡಿದ್ದರು. ಇವನು ಎಣಿಸುತ್ತಿದ್ದ. ಮುದ್ರೆ, ಮುದ್ರೆ. ತಟ್ಟೆ. ಜೋಡಿ. ಮಣಿ. ಬೈಗುಳ, ಬೈಗುಳ, ಬೈಗುಳ... ನಿಂತಿತು. ಅವನ ಅಂಗಾಲು ಜುಮ್ಮೆಂದಿತು. ಒಂದು. ಎರಡು. ಮೂರು. ಬೈಗುಳ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಮಾಸ್ಕ್ ಮುಖಕ್ಕೆ ಕೂತಿತ್ತು.

ಒಬ್ಬೊಬ್ಬರಾಗಿ ಮೇಲೆ ಬಂದರು. ತಳದಲ್ಲಿ ಗುಳ್ಳೆ ಸೊನ್ನೆ. ಗ್ಯಾಲರಿಯಲ್ಲಿ ಚಪ್ಪಾಳೆ. ಡಾಕ್ಟರಮ್ಮ ಗೋಡೆ ಹಿಡಿದು, "ಆಯ್ತು! ಆಯ್ತೇ ಕಣೇ!" ಎಂದು ಮಗಳಿಗೆ ಕೂಗಿದರು. ಹೊಸ ಜೋಡಿ ಅಪ್ಪಿಕೊಳ್ಳಲು ತಿರುಗುವಾಗ ಸಿಲಿಂಡರಿಗೆ ಸಿಲಿಂಡರ್ ತಾಗಿ ಘಂಟೆ ಹೊಡೆಯಿತು. ಕೋಚ್ ಮೇಡಂ ಗೋಡೆಯ ಬಳಿ ಪೋಸ್ಟ್‌ಮಾಸ್ಟರರ ಸಿಕ್ಕಿಕೊಂಡ ಪಟ್ಟಿ ಬಿಡಿಸುತ್ತಿದ್ದರು. ಎಲ್ಲ ಮುಗಿದಿತ್ತು. ಯಾರೂ ನೀರಿನ ಕಡೆ ನೋಡುತ್ತಿರಲಿಲ್ಲ.

ಇವನು ಮತ್ತೆ ಮೊದಲಿಂದ ಎಣಿಸಿದ. ಕೆಳಗೆ ಸೊನ್ನೆ. ಗೋಡೆಯ ಬಳಿ ಡಾಕ್ಟರಮ್ಮ ಒಂದು, ಜೋಡಿ ಎರಡು ಮೂರು, ಪೋಸ್ಟ್‌ಮಾಸ್ಟರ್ ನಾಲ್ಕು, ಮೇಡಂ ಐದು. ಆರು?

ಆರನೆಯ ತಲೆ ಅಂಚಿನಿಂದ ನಾಲ್ಕು ಮೀಟರ್ ಆಚೆ ಇತ್ತು. ಜಿಮ್ ಮಾಸ್ಟರ್. ಮಾಸ್ಕ್ ಹಣೆಯ ಮೇಲೆ, ಕೊಳವೆ ಬಾಯಿಯಿಂದ ಜಾರಿ ತೇಲುತ್ತಿತ್ತು. ನೆಟ್ಟಗೆ ನಿಂತಂತಿದ್ದ, ತಲೆ ಹಿಂದಕ್ಕೆ ಬಾಗಿ ಚಾವಣಿ ನೋಡುತ್ತಿದ್ದಂತೆ. ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಿದ್ದವು, ಕಾಣದ ಏಣಿ ಹತ್ತುವವನ ಹಾಗೆ. ಬಾಯಿ ನೀರಿನಿಂದ ಮೇಲೆ ಬಂತು. ಮುಳುಗಿತು. ಬಂತು. ಸದ್ದಿಲ್ಲ, ಕೂಗಿಲ್ಲ. ಗ್ಯಾಲರಿಯ ಹುಡುಗರು ತಮ್ಮ ಗುರು ಏನೋ ಕಸರತ್ತು ತೋರಿಸುತ್ತಿದ್ದಾನೆಂದು ಸಿಳ್ಳೆ ಹಾಕಿದರು.

ಮುಳುಗುವವನು ಕೂಗುವುದಿಲ್ಲ. ಕೂಗಲು ಬೇಕಾದ ಗಾಳಿಯೇ ಅವನ ಬಳಿ ಇರುವುದಿಲ್ಲ. ಇದು ಇವನಿಗೆ ಮೊದಲ ದಿನದಿಂದ ಗೊತ್ತಿದ್ದ ಪಾಠ. ಕಣ್ಣಿಗೆ ಬಿದ್ದದ್ದು ಇದೇ ಮೊದಲು.

ಇವನು ಕುರ್ಚಿಯಿಂದ ಇಳಿದಾಗಿತ್ತು. ಪಾದದ ಬೆರಳುಗಳು ಅಂಚಿನ ಹೆಂಚನ್ನು ಕಚ್ಚಿದ್ದವು. ಮೊಣಕಾಲು ತಾನಾಗಿ ಮಡಿಯಿತು. ಮೂರು ವರ್ಷದ ಸಿನಿಮಾ ಇಡಿಯಾಗಿ ಕಣ್ಮುಂದೆ ಬಂತು: ಗ್ಯಾಲರಿ ತುಂಬ ಜನ, ನಿಜವಾದ ಮುಳುಗುವವನು, ಬಿಲ್ಲಿನಂಥ ನೆಗೆತ. ಮತ್ತು ಸಿನಿಮಾದಲ್ಲಿ ಎಂದೂ ತೋರಿಸದ ಮುಂದಿನ ದೃಶ್ಯವೂ ಬಂತು: ಆ ಕಂಬದಂಥ ತೋಳುಗಳು ಇವನ ಕತ್ತಿಗೆ ಬೀಳುವುದು, ಸಿಲಿಂಡರು, ತಳಕ್ಕಿಳಿಯಲೆಂದು ಸೊಂಟಕ್ಕೆ ಕಟ್ಟಿದ ಸೀಸದ ತೂಕ, ಇಬ್ಬರೂ ಒಟ್ಟಿಗೆ ಕೆಳಗೆ.

ಪುಸ್ತಕ ಮೊದಲ ಪುಟದಿಂದ ತೆರೆದುಕೊಂಡಿತು. ಕೈ ಎಟುಕುವುದಿಲ್ಲ. ಕೋಲು.

ಸೀಟಿಯನ್ನು ಒಮ್ಮೆ ಉದ್ದಕ್ಕೆ ಊದಿದ. ಗೂಟದಿಂದ ಕೋಲೆಳೆದು, ಅಂಚಿನಲ್ಲಿ ಮಂಡಿಯೂರಿ, ಹಿಂದಕ್ಕೆ ಭಾರ ಕೊಟ್ಟು ಚಾಚಿದ. ಬಳೆ ಹೋಗಿ ಜಿಮ್ ಮಾಸ್ಟರನ ಎದೆಗೆ ತಾಗಿತು.

"ಸಾರ್! ಹಿಡೀರಿ! ಕೋಲು ಹಿಡೀರಿ ಸಾರ್!"

ಆ ಎರಡು ಕೈಗಳು ಕೋಲನ್ನು ಹಿಡಿದ ರಭಸಕ್ಕೆ ಇವನೇ ನೀರಿಗೆ ಬೀಳುವುದರಲ್ಲಿದ್ದ. ಬೀಳಲಿಲ್ಲ. ಒಂದೊಂದು ಮೊಳವಾಗಿ ಸೆಳೆದ. ಸೀಟಿ ಕೇಳಿದ ಕೂಡಲೇ ತಿರುಗಿದ್ದ ಕೋಚ್ ಮೇಡಂ ಮೂರೇ ಬೀಸಿಗೆ ಹಿಂದಿನಿಂದ ಬಂದು ಅವನ ಜಾಕೆಟ್ಟಿನ ಗುಂಡಿ ಒತ್ತಿದರು. ಬುಸ್ಸೆಂದು ಗಾಳಿ ತುಂಬಿ ಜಾಕೆಟ್ಟು ಉಬ್ಬಿತು. ಜಿಮ್ ಮಾಸ್ಟರ್ ದಿಂಬಿನ ಮೇಲೆ ಒರಗಿದವನಂತೆ ತೇಲುತ್ತಾ ಗೋಡೆ ತಲುಪಿದ. ಎಲ್ಲ ಸೇರಿ ಹದಿನೈದು ಸೆಕೆಂಡು ಇರಬಹುದು. ಗ್ಯಾಲರಿಯವರ ಅರ್ಧ ಚಪ್ಪಾಳೆ ಇನ್ನೂ ಡಾಕ್ಟರಮ್ಮನಿಗೇ ಬೀಳುತ್ತಿತ್ತು.

ಜಿಮ್ ಮಾಸ್ಟರ್ ಕೆಮ್ಮಿದ. ಉಗುಳಿದ. "ನಾನು... ಸುಮ್ನೆ ಚಾವಣಿ ನೋಡ್ತಿದ್ದೆ" ಎಂದ.

ಅವನು ಕಾಲಿಗೆ ತೊಟ್ಟಿದ್ದ ರಬ್ಬರಿನ ಈಜುರೆಕ್ಕೆ ತೆಗೆಯಲು ಹೋದ. ಎರಡೂ ಮೀನಖಂಡ ಕಲ್ಲಿನಂತೆ ಹಿಡಿದುಕೊಂಡಿದ್ದವು. ಆಮೇಲೆ, ತನ್ನ ಹುಡುಗರಿಗೆ ಕೇಳದ ಹಾಗೆ, ಮೆಲ್ಲಗೆ, "ಕೂಗೋಣ ಅಂದ್ಕೊಂಡೆ ತಮ್ಮಾ. ಬಾಯಿ ಬರಲಿಲ್ಲ. ಜಾಕೆಟ್ಟಿಗೆ ಗಾಳಿ ತುಂಬಬೇಕು ಅನ್ನೋದೂ ತಲೆಯಿಂದ ಹೋಯ್ತು."

"ಗೊತ್ತು ಸಾರ್" ಎಂದ ಇವನು. ಕೋಲು ಇನ್ನೂ ಕೈಯಲ್ಲೇ ಇತ್ತು. ಬಿಡಲು ಬೆರಳುಗಳು ಒಪ್ಪಲಿಲ್ಲ.

ಡಾಕ್ಟರಮ್ಮ ಅವನನ್ನೇ ನೋಡುತ್ತಿದ್ದರು. "ಏನಯ್ಯಾ ಮಿಂಚುಳ್ಳಿ, ಹಾರಲೇ ಇಲ್ಲ?"

"ಇದು ಮಿಂಚುಳ್ಳಿ ಅಲ್ಲ ಡಾಕ್ಟ್ರೇ" ಎಂದರು ಪೋಸ್ಟ್‌ಮಾಸ್ಟರ್. "ಕೊಕ್ಕರೆ! ಒಂದೇ ಕಡೆ ನಿಂತು, ಉದ್ದ ಕೊಕ್ಕು ಚಾಚಿ, ಟಕ್ ಅಂತ ಎತ್ತಿಬಿಡ್ತು ನೋಡಿ!"

ಕೋಚ್ ಮೇಡಂ ಕೈ ಒರೆಸಿಕೊಂಡು ಫಾರ್ಮು ತೆಗೆದರು. ಗೋಡೆಗೆ ಒತ್ತಿ ಬರೆದರು. ಬರೆದದ್ದನ್ನು ಓದುವ ಧೈರ್ಯ ಇವನಿಗಿರಲಿಲ್ಲ. ಮಾವ ಕುಂಟುತ್ತಾ ಬಂದು ಕಣ್ಣಿನಿಂದ ದೂರ ಹಿಡಿದು ಗಟ್ಟಿಯಾಗಿ ಓದಿದ.

"ಗಾರ್ಡ್ ನೀರಿಗೆ ಇಳಿಯಲಿಲ್ಲ. ಇವರನ್ನೇ ಆಳದ ಕೊಳಕ್ಕೆ ಇಟ್ಟುಕೊಳ್ಳಿ."

ಮಾವ ಇನ್ನೊಮ್ಮೆ ಓದಿದ, ತನಗೇ. "ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಚೆನ್ನಾಗಿ ಬರೀಲಿಲ್ಲ ಕಣೋ" ಎಂದ. ಬಾತುಕೋಳಿಗಳ ದೊಡ್ಡದೊಂದು ದಂಡು ಇವನ ಎದೆಯ ಮೇಲಿಂದ ಎದ್ದು ಹಾರಿಹೋಯಿತು.

ಕ್ಲಬ್ಬಿನವರಿಗೆ ಇನ್ನೂ ಇಪ್ಪತ್ತು ನಿಮಿಷ ಬಾಕಿಯಿತ್ತು. ಒಂದು ಸಿಲಿಂಡರಿನಲ್ಲಿ ಗಾಳಿಯೂ ಇತ್ತು.

"ನೀನು ಯಾವತ್ತಾದ್ರೂ ಕೆಳಗೆ ಉಸಿರಾಡಿದ್ದೀಯಾ?" ಕೋಚ್ ಮೇಡಂ ಕೇಳಿದರು.

"ಇಲ್ಲ ಮೇಡಂ. ಎಣಿಸಿದ್ದೀನಿ, ಅಷ್ಟೇ."

"ಬಾ."

ಮಾವ ಮಂಡಿ ಹಿಡಿದುಕೊಂಡು ಕುರ್ಚಿ ಏರಿದ, ಕೋಲನ್ನು ಪಕ್ಕಕ್ಕಿಟ್ಟುಕೊಂಡ. ಮೇಡಂ ಇವನ ಬೆನ್ನಿಗೆ ಸಿಲಿಂಡರ್ ಕಟ್ಟಿದರು. ಉಸಿರು ಎಂದೂ ಬಿಗಿಹಿಡಿಯಬಾರದೆಂದು ಮೂರು ಸಲ ಹೇಳಿದರು, ಮೂರು ಸಲ ಹೇಳಿಸಿದರು. ಅವರ ಕೈ ಹಿಡಿದು, ಒಂದು ಬಾರಿಯೂ ಹಾರದೆ, ಏಣಿಯ ಮೆಟ್ಟಿಲು ಮೆಟ್ಟಿಲಾಗಿ ಅವನು ನೀರಿಗಿಳಿದ.

ಕೆಳಗೆ ಮೊದಲ ಉಸಿರೆಳೆದಾಗ ನಂಬಲಾಗಲಿಲ್ಲ. ರಬ್ಬರ್ ಇಟ್ಟಿಗೆ ತರಲು ನೂರು ಸಲ ಇದೇ ತಳ ಮುಟ್ಟಿದ್ದ. ಪ್ರತಿ ಸಲವೂ ಕಳ್ಳನ ಹಾಗೆ, ಮುಟ್ಟಿ ಓಡಿಬಂದಿದ್ದ. ಈಗ ಮನೆಗೆ ಕರೆದು ಕೂರಿಸಿದಂತಿತ್ತು. ಕೂತ. ಅಲುಗಾಡದೆ ಕೂತ. ಆಚೆ ನೀರು ಹೋಗುವ ತೂತಿನ ಜಾಲರಿಗೆ ಯಾರದೋ ಕೂದಲಿನ ಕ್ಲಿಪ್ಪು ಸಿಕ್ಕಿಕೊಂಡಿತ್ತು. ಮೇಲಿಂದ ಎಷ್ಟು ದಿನ ನೋಡಿದರೂ ಕಂಡಿರಲಿಲ್ಲ. ತಲೆಯೆತ್ತಿದ. ನಡುಗುವ ಬೆಳ್ಳಿಯ ಚಾವಣಿಯಾಚೆ ಐದು ತಲೆಗಳು ಅಂಚಿನಿಂದ ಬಾಗಿದ್ದವು. ಐದೂ ಇವನನ್ನೇ ನೋಡುತ್ತಿದ್ದವು. ಐದು ಬೆರಳುಗಳು ಏನನ್ನೋ ತೋರಿಸುತ್ತಾ ಆಡುತ್ತಿದ್ದವು. ಎಣಿಸುತ್ತಿದ್ದರು! ಇವನ ಗುಳ್ಳೆ ಎಣಿಸುತ್ತಿದ್ದರು! ನಗು ಬಂತು. ನೀರಿನಡಿ ನಗುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಾಸ್ಕಿನ ಅಂಚಿನಿಂದ ನೀರು ನುಗ್ಗಿತು, ಕೊಳವೆಯಿಂದ ಗುಳ್ಳೆಗಳ ಹಿಂಡೇ ಭಡಭಡನೆ ಎದ್ದು ಮೇಲಕ್ಕೆ ಓಡಿತು.

"ಮೂವತ್ತೊಂದರವರೆಗೂ ಎಣಿಸಿದೆ" ಎಂದರು ಡಾಕ್ಟರಮ್ಮ, ಅವನು ಮೇಲೆ ಬಂದಾಗ. "ಆಮೇಲೆ ಒಟ್ಟಿಗೆ ನೂರು ಬಂತು. ಏನಯ್ಯಾ, ಒಳಗೆ ಕೂತು ನಗ್ತಿದ್ದೆಯಾ? ಗಾರ್ಡ್ ಆಗಿ ನಾನೇ ಇದ್ದಿದ್ರೆ ಹಾರಿಬಿಡ್ತಿದ್ದೆ!"

ಆ ದಿನ ಟವಲನ್ನು ಅಜ್ಜಿ ಎರಡು ಕೈಯಲ್ಲಿ ಹಿಂಡಬೇಕಾಯಿತು. ಬಚ್ಚಲಿನ ನೆಲದ ಮೇಲೆ ನೀರು ಜುಳುಜುಳು ಹರಿಯಿತು. ಅವಳ ಮುಖ ಅರಳಿತು.

"ನೋಡಿದ್ಯಾ! ಮನಸ್ಸು ಮಾಡಿದ್ರೆ ನೀನೂ ದುಡೀಬಲ್ಲೆ. ಯಾರನ್ನಾದ್ರೂ ಕಾಪಾಡಿದ್ಯಾ?"

"ಒಬ್ಬರನ್ನ ಅಜ್ಜಿ. ಆದ್ರೆ ಕಾಪಾಡಿದಾಗ ಒದ್ದೆ ಆಗಲಿಲ್ಲ. ಒದ್ದೆ ಆಗಿದ್ದು ಆಮೇಲೆ, ಆಟ ಆಡ್ತಿದ್ದಾಗ."

"ಹೋಗೋ, ನನ್ನ ಹತ್ರ ಕಥೆ ಕಟ್ಬೇಡ" ಎಂದು ಅಜ್ಜಿ, ಕಿಟಕಿಗೆ ಹೋಗಿ, ಪಕ್ಕದ ಮನೆಯವಳಿಗೆ ಕೇಳುವಂತೆ ಕೂಗಿದಳು, "ನಮ್ಮ ಹುಡುಗ ಇವತ್ತು ಮೈಮುರಿದು ದುಡಿದು ಬಂದಿದ್ದಾನೆ ಕಣೇ! ಕೆಲಸ ಖಾಯಂ ಆಯ್ತಂತೆ!"

ಇನ್ನೊಮ್ಮೆ ವಿವರಿಸಲು ಬಾಯಿ ತೆರೆದವನು ಮುಚ್ಚಿಕೊಂಡ. ಇಷ್ಟು ಖುಷಿಯನ್ನು ಸತ್ಯ ಹೇಳಿ ಒಣಗಿಸುವುದು ಯಾವ ನ್ಯಾಯ?

ಮರುದಿನ ಆಳದ ಕೊಳದಲ್ಲಿ ಏನೂ ನಡೆಯಲಿಲ್ಲ. ಅದರ ಮರುದಿನವೂ ಇಲ್ಲ. ಖಾಯಂ ಗಾರ್ಡು ಸಂಜೆ ಬಟ್ಟೆ ಬದಲಿಸಿ, ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗರಿಗರಿ ಒಣಗಿದ್ದ ಟವಲನ್ನು ಗೇಟಿನ ಪಕ್ಕದ ನಲ್ಲಿಯ ಕೆಳಗೆ ಹಿಡಿದ.

"ಚೆನ್ನಾಗಿ ನೆನೆಸೋ" ಎಂಬ ದನಿ ಹಿಂದಿನಿಂದ ಬಂತು. ಮಾವ ಸೈಕಲ್ಲಿನ ಬೀಗ ತೆಗೆಯುತ್ತಿದ್ದ. "ಇವತ್ತು ನಲವತ್ತು ಜನ ಮುಳುಗಲಿಲ್ಲ."